ನಗರದ ನಿಸ್ತಂತು ಅಂತರಜಾಲ: ಸಾರ್ವಜನಿಕ ಚರ್ಚೆಗೆ ಸಿದ್ಧರಾಗುವುದು ಹೇಗೆ

ನಗರವೊಂದು ತನ್ನ ಬೀದಿ, ಉದ್ಯಾನ, ನಿಲ್ದಾಣಗಳಲ್ಲಿ ನಿಸ್ತಂತು ಅಂತರಜಾಲ ಒದಗಿಸುವ ಯೋಜನೆಯ ಕರಡನ್ನು ಹೊರಡಿಸಿ ನಾಗರಿಕರ ಅಭಿಪ್ರಾಯ ಕೇಳಿದಾಗ, ಸಭೆಯ ಮಾತೆಲ್ಲ ಹೆಚ್ಚಾಗಿ ಎರಡೇ ಪದಗಳನ್ನು ಸುತ್ತುತ್ತದೆ: ಒಂದು ವೇಗ, ಇನ್ನೊಂದು ಉಚಿತ. ಎಷ್ಟು ಮೆಗಾಬಿಟ್ ಸಿಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಪುಕ್ಕಟೆ ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಂಡು ಜನ ಮನೆಗೆ ಮರಳುತ್ತಾರೆ. ಆದರೆ ಅಂಥ ಜಾಲ ಹತ್ತು ವರ್ಷ ಬಾಳುವುದೋ ಎರಡೇ ವರ್ಷದಲ್ಲಿ ಕಂಬದ ಮೇಲಿನ ನಿರುಪಯುಕ್ತ ಡಬ್ಬಿಯಾಗುವುದೋ ಎಂಬುದು ನಿರ್ಧಾರವಾಗುವುದು ಬೇರೆ ಮೂರು ಸಂಗತಿಗಳಿಂದ: ಕಂಬ ಯಾರದು, ಕಂಬದವರೆಗೆ ಬರುವ ಫೈಬರ್ (ಮಾಹಿತಿ ಹೊರುವ ಗಾಜಿನೆಳೆಯ ತಂತಿ) ಯಾರದು, ಕರಾರಿನಲ್ಲಿ ಏನು ಬರೆದಿದೆ. ನಿಸ್ತಂತು ಜಾಲದ ಭವಿಷ್ಯ ಬಹುಪಾಲು ತಂತಿಯಲ್ಲೂ ಕಾಗದದಲ್ಲೂ ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಚರ್ಚೆಗೆ ಹೋಗುವವರಿಗಾಗಿ ಈ ಮಾರ್ಗದರ್ಶಿ. ಇದಕ್ಕೆ ಎಂಜಿನಿಯರ್ ಆಗಿರಬೇಕಾಗಿಲ್ಲ. ಕರಡನ್ನು ತಾಳ್ಮೆಯಿಂದ ಓದಲು ಒಂದು ಸಂಜೆಯೂ, ಫೋನು ಹಿಡಿದು ಬೀದಿಯಲ್ಲಿ ನಡೆದಾಡಲು ಕೆಲವು ಗಂಟೆಗಳೂ ಸಾಕು.

ಯಾವ ಜಾಲದ ಮಾತು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ನಿಸ್ತಂತು ಅಂತರಜಾಲ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಒಡೆತನದ, ಬೇರೆ ಬೇರೆ ಕಾನೂನಿನ ವ್ಯವಸ್ಥೆಗಳು ಸೇರಿಕೊಂಡಿರುತ್ತವೆ. ಕರಡಿನಲ್ಲಿ ಇರುವುದು ಸಾರ್ವಜನಿಕ ವೈ-ಫೈಯೋ, ಮೊಬೈಲ್ ಕಂಪನಿಗಳ ಸಣ್ಣ ಟವರುಗಳಿಗೆ ಬೀದಿದೀಪದ ಕಂಬ ಬಾಡಿಗೆಗೆ ಕೊಡುವ ವ್ಯವಸ್ಥೆಯೋ, ಮನೆಯ ಛಾವಣಿಯ ಆಂಟೆನಾಗೆ ನೇರವಾಗಿ ಸಂಪರ್ಕ ಕೊಡುವ ಸ್ಥಿರ ನಿಸ್ತಂತು ಸೇವೆಯೋ ಎಂಬುದನ್ನು ಮೊದಲ ಓದಿನಲ್ಲೇ ಗುರುತಿಸಿಕೊಳ್ಳಿ.

ಈ ವ್ಯತ್ಯಾಸ ಮುಖ್ಯವಾಗುವುದು ತರಂಗಗಳ ಒಡೆತನದ ಕಾರಣದಿಂದ. ಮೊಬೈಲ್ ಸೇವೆಗೆ ಬಳಸುವ ತರಂಗಗಳನ್ನು ಸರ್ಕಾರಗಳು ಹರಾಜಿನಲ್ಲೋ ಪರವಾನಗಿಯ ಮೂಲಕವೋ ಕಂಪನಿಗಳಿಗೆ ಕೊಟ್ಟಿರುತ್ತವೆ. ಅಲ್ಲಿ ನಗರಾಡಳಿತದ ಕೈಯಲ್ಲಿರುವುದು ಕಂಬದ ಬಾಡಿಗೆ, ರಸ್ತೆ ಅಗೆಯುವ ಅನುಮತಿ, ಜಾಗ ಇಷ್ಟೇ. 5ಜಿ ವೇಗ ಸಾಲದು ಎಂದು ನಗರಾಡಳಿತದ ಸಭೆಯಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದರೂ ಅದು ಸಂಬಂಧವಿಲ್ಲದ ಬಾಗಿಲು ತಟ್ಟಿದಂತೆ. ವೈ-ಫೈಯ ಕತೆ ಬೇರೆ. 1985ರಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳಿಗೆಂದು ಬಿಟ್ಟಿದ್ದ ತರಂಗಪಟ್ಟಿಗಳಲ್ಲಿ ಪರವಾನಗಿ ಇಲ್ಲದ ಸಂವಹನಕ್ಕೂ ಅವಕಾಶ ಕೊಟ್ಟಿತು. ಆ ಬಿಡುವಿನಲ್ಲೇ ಬೆಳೆದ, ವೈ-ಫೈಗೆ ಆಧಾರವಾದ 802.11 ಎಂಬ ಮಾನದಂಡ 1997ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗದೊಂದಿಗೆ ಹೊರಬಂತು. ಪರವಾನಗಿ ಬೇಡವಾದ್ದರಿಂದ ನಗರಾಡಳಿತವಾಗಲಿ, ನಿವಾಸಿಗಳ ಸಂಘವಾಗಲಿ ವೈ-ಫೈ ಜಾಲವನ್ನು ಕಟ್ಟಿಕೊಳ್ಳುವುದು ಸುಲಭವಾಯಿತು. ಅದೇ ಕಾರಣಕ್ಕೆ ಪಕ್ಕದ ಕಟ್ಟಡದ ರೂಟರುಗಳಿಂದ ಅಡಚಣೆಯಾದರೆ ದೂರು ಕೊಡಲು ಜಾಗವೂ ಇಲ್ಲವಾಯಿತು. ಕರಡಿನಲ್ಲಿ ಎರಡೂ ವ್ಯವಸ್ಥೆಗಳನ್ನು ಕಲಸಿ ಬರೆದಿದ್ದರೆ, ಯಾವ ಭಾಗ ಯಾವುದಕ್ಕೆ ಸಂಬಂಧಿಸಿದ್ದು ಎಂದು ಬಿಡಿಸಿ ಹೇಳುವಂತೆ ಕೇಳುವುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ವೇಗ ಮತ್ತು ವ್ಯಾಪ್ತಿಯ ಅಂಕಿಗಳನ್ನು ಓದುವುದು

ಕರಡಿನಲ್ಲಿ ಬರೆದಿರುವ ವೇಗ ಸಾಮಾನ್ಯವಾಗಿ ಉಪಕರಣದ ಗರಿಷ್ಠ ಸಾಮರ್ಥ್ಯ. ಕಂಬದ ಮೇಲಿನ ಒಂದು ರೇಡಿಯೊದ, ಅಂದರೆ ತರಂಗ ಕಳಿಸಿ ಪಡೆಯುವ ಉಪಕರಣದ, ಅಡಿಯಲ್ಲಿ ನಿಂತವರೆಲ್ಲರೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತಾರೆ, ಒಬ್ಬರು ಮಾತಾಡುವಾಗ ಉಳಿದವರು ಕಾಯುತ್ತಾರೆ. ಆದ್ದರಿಂದ ನಲವತ್ತು ಜನ ಸೇರಿದ ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಆ ಅಂಕಿಯ ಚಿಕ್ಕ ತುಣುಕು. ವೈ-ಫೈಯ ಹಳೆಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲುಗಳು ಮೂರೇ (1, 6 ಮತ್ತು 11), ಮತ್ತು ದಟ್ಟ ವಸತಿಯ ಬೀದಿಯಲ್ಲಿ ಆ ಮೂರನ್ನೂ ಮನೆಮನೆಯ ರೂಟರುಗಳು ಆಗಲೇ ತುಂಬಿಸಿರುತ್ತವೆ.

ವ್ಯಾಪ್ತಿಯ ನಕ್ಷೆಯನ್ನು ಇನ್ನೂ ಅನುಮಾನದಿಂದ ನೋಡಬೇಕು. ನಕ್ಷೆಯ ಮೇಲೆ ಬಣ್ಣ ಹಚ್ಚಿದ ವೃತ್ತ ಕಂಬದ ರೇಡಿಯೊ ಎಷ್ಟು ದೂರ ತಲುಪುತ್ತದೆ ಎಂಬುದನ್ನು ತೋರಿಸುತ್ತದೆ. ಆದರೆ ಅಂಗೈಯಲ್ಲಿರುವ ಫೋನಿನ ರೇಡಿಯೊ ಅದಕ್ಕಿಂತ ದುರ್ಬಲ. ಕಂಬದ ದನಿ ಫೋನಿಗೆ ಕೇಳಿಸುತ್ತದೆ, ಫೋನಿನ ದನಿ ಕಂಬಕ್ಕೆ ಕೇಳಿಸುವುದಿಲ್ಲ. ಪರದೆಯ ಮೇಲೆ ಸಿಗ್ನಲ್ ಗೆರೆಗಳು ತುಂಬಿದ್ದರೂ ಪುಟ ತೆರೆದುಕೊಳ್ಳದೆ ಇರುವ ಅನುಭವ ಎಲ್ಲರಿಗೂ ಇದೆ. ಅದಕ್ಕೆ ಇದೂ ಒಂದು ಕಾರಣ. ಗೋಡೆ, ನೀರು ತುಂಬಿದ ಎಲೆಗಳು, ಲೋಹದ ಪದರವಿರುವ ಗಾಜು ಇವೆಲ್ಲ ತರಂಗವನ್ನು ಕುಗ್ಗಿಸುತ್ತವೆ, ಮತ್ತು ಆವರ್ತನ ಹೆಚ್ಚಿದಷ್ಟೂ ಈ ಕುಗ್ಗುವಿಕೆ ಹೆಚ್ಚು. ಫೈಬರ್ ಇಲ್ಲದ ಕಂಬಗಳು ಒಂದರಿಂದ ಒಂದಕ್ಕೆ ನಿಸ್ತಂತುವಾಗಿಯೇ ಮಾಹಿತಿ ದಾಟಿಸುವ ಮೆಶ್ ವಿನ್ಯಾಸವಾದರೆ, ಒಂದೇ ರೇಡಿಯೊ ಎರಡೂ ಕೆಲಸ ಮಾಡುವಲ್ಲಿ ಪ್ರತಿ ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಷ್ಟು ಜಿಗಿತಗಳ ನಂತರ ಫೈಬರ್ ಸಿಗುತ್ತದೆ ಎಂದು ಕೇಳಿ. ಉತ್ತರ ಕೊಡುವವರ ಮುಖದಲ್ಲೇ ಯೋಜನೆಯ ಅರ್ಧ ಗುಣ ಗೊತ್ತಾಗುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರ ಒಳ್ಳೆಯ ಪಾಠ. ಸುಮಾರು 135 ಚದರ ಮೈಲಿಯ ಇಡೀ ನಗರಕ್ಕೆ ವೈ-ಫೈ ಹೊದಿಸುವ ಯೋಜನೆಯನ್ನು ಅದು 2004ರಲ್ಲಿ ಪ್ರಕಟಿಸಿತು, ಅರ್ತ್‌ಲಿಂಕ್ ಕಂಪನಿ ಜಾಲ ಕಟ್ಟಲು ಮುಂದೆ ಬಂತು. ಬೀದಿಕಂಬದ ಸಂಕೇತ ಮನೆಯೊಳಗೆ ಬರಬೇಕಾದರೆ ಬೇರೆಯೇ ಉಪಕರಣ ಬೇಕಾಯಿತು, ಚಂದಾದಾರರು ನಿರೀಕ್ಷಿಸಿದಷ್ಟು ಸೇರಲಿಲ್ಲ, 2008ರಲ್ಲಿ ಕಂಪನಿ ಹಿಂದೆ ಸರಿಯಿತು. ಅಲ್ಲಿ ತಂತ್ರಜ್ಞಾನ ಸೋತಿತು ಎನ್ನುವುದಕ್ಕಿಂತ, ಬೀದಿಗೆಂದು ವಿನ್ಯಾಸಗೊಂಡದ್ದನ್ನು ಮನೆಯ ಸಂಪರ್ಕವೆಂದು ಮಾರಹೋದದ್ದು ಸೋತಿತು ಎನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ವ್ಯಾಪ್ತಿ ಎಂಬ ಪದ ಬಂದಲ್ಲೆಲ್ಲ ಅದರ ಅರ್ಥವನ್ನು ಕೇಳಿ: ಹೊರಾಂಗಣದಲ್ಲೋ ಒಳಾಂಗಣದಲ್ಲೋ, ಸಾಮಾನ್ಯ ಫೋನಿನಲ್ಲೋ ವಿಶೇಷ ಆಂಟೆನಾದಲ್ಲೋ, ಜನಸಂದಣಿಯ ಹೊತ್ತಿನಲ್ಲಿ ಕನಿಷ್ಠ ಎಷ್ಟು ವೇಗ ಸಿಕ್ಕರೆ ವ್ಯಾಪ್ತಿ ಇದೆ ಎಂದು ಲೆಕ್ಕ.

ಇದರ ಜೊತೆಗೆ ನಿಮ್ಮದೇ ಅಳತೆಯೊಂದು ಕೈಯಲ್ಲಿರಲಿ. ಯೋಜನೆಯಲ್ಲಿ ಸೇರಿರುವ ಹತ್ತು ಜಾಗಗಳನ್ನು ಆರಿಸಿಕೊಂಡು, ವಾರದ ದಿನವೊಂದರಲ್ಲೂ ರಜಾದಿನವೊಂದರಲ್ಲೂ, ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಒಂದೇ ಫೋನಿನಿಂದ ವೇಗ ಪರೀಕ್ಷೆ ಮಾಡಿ, ಬರುವ ವೇಗ, ಹೋಗುವ ವೇಗ ಮತ್ತು ವಿಳಂಬ ಈ ಮೂರನ್ನೂ ಬರೆದಿಡಿ. ಯಾವ ಸೇವೆಯ ಮೇಲೆ ಅಳೆದಿರಿ, ಎಲ್ಲಿ ನಿಂತಿದ್ದಿರಿ ಎಂಬುದನ್ನು ನಮೂದಿಸದ ಅಳತೆಯನ್ನು ಸಭೆಯಲ್ಲಿ ಯಾರಾದರೂ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಒಂದೇ ಪುಟದ ಕೋಷ್ಟಕ ಸಾಕು. ಅದು ಇಲ್ಲದ ಹತ್ತು ನಿಮಿಷದ ಭಾಷಣಕ್ಕಿಂತ ಅದನ್ನು ಹಿಡಿದು ಆಡಿದ ಎರಡು ನಿಮಿಷದ ಮಾತಿಗೆ ತೂಕ ಹೆಚ್ಚು.

ಕಂಬದ ಹಿಂದಿರುವ ತಂತಿ

ವೈ-ಫೈ ಕಂಬದಿಂದ ಫೋನಿನವರೆಗಿನ ಕೊನೆಯ ಕೆಲವು ಮೀಟರು ಮಾತ್ರ ನಿಸ್ತಂತು. ಅಲ್ಲಿಂದಾಚೆಗಿನ ದಾರಿಯೆಲ್ಲ ಹೆಚ್ಚಾಗಿ ಫೈಬರ್. ರೇಡಿಯೊ ಬೇಗ ಹಳತಾಗುತ್ತದೆ: 802.11ರ ದೊಡ್ಡ ತಲೆಮಾರುಗಳು 2009, 2013 ಮತ್ತು 2021ರಲ್ಲಿ ಬಂದವು, ಅವುಗಳ ಹಿಂದೆಯೇ ವೈ-ಫೈ 7 ಬಂತು. ನೆಲದಡಿಯ ಕೊಳವೆ ಮತ್ತು ಫೈಬರ್ ಮಾತ್ರ ದಶಕಗಳ ಕಾಲ ಉಳಿಯುತ್ತವೆ, ತುದಿಯ ಉಪಕರಣ ಬದಲಿಸಿದರೆ ಅದೇ ಎಳೆ ಹೆಚ್ಚು ಮಾಹಿತಿ ಹೊರುತ್ತದೆ. ಹಾಗಾಗಿ ಯೋಜನೆಯ ಹಣದಲ್ಲಿ ಎಷ್ಟು ಪಾಲು ಕೊಳವೆ ಮತ್ತು ಫೈಬರಿಗೆ, ಎಷ್ಟು ಪಾಲು ರೇಡಿಯೊಗೆ ಎಂಬ ಲೆಕ್ಕ ಕೇಳುವುದು ಭವಿಷ್ಯದ ಬಗ್ಗೆ ಕೇಳಬಹುದಾದ ಅತ್ಯಂತ ನೇರವಾದ ಪ್ರಶ್ನೆ. ರೇಡಿಯೊ ಬದಲಿಸುವ ವೆಚ್ಚವನ್ನು ಐದಾರು ವರ್ಷಕ್ಕೊಮ್ಮೆ ಎಂದು ಪ್ರತ್ಯೇಕವಾಗಿ ತೋರಿಸಿರದ ಅಂದಾಜುಪಟ್ಟಿ ಅಪೂರ್ಣ ಎಂದೇ ತಿಳಿಯಬೇಕು.

ಒಡೆತನದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಗುತ್ತಿಗೆದಾರನು ಸಾರ್ವಜನಿಕ ರಸ್ತೆ ಅಗೆದು ಹಾಕಿದ ಕೊಳವೆ ಗುತ್ತಿಗೆ ಮುಗಿದ ಮೇಲೆ ಯಾರದಾಗುತ್ತದೆ? ಬೇರೆ ಸೇವಾದಾರರು ಅದೇ ಕೊಳವೆಯನ್ನು ಒಂದೇ ದರದಲ್ಲಿ ಬಳಸಬಹುದೇ? ರಸ್ತೆಯನ್ನು ನೀರು ಅಥವಾ ಒಳಚರಂಡಿಗಾಗಿ ಅಗೆದಾಗಲೇ ಖಾಲಿ ಕೊಳವೆ ಹಾಕಿಡುವ ನಿಯಮ ಇದೆಯೇ? ಹಂಚಿಕೆಯ ಒಡೆತನ ಕೇವಲ ಆದರ್ಶದ ಮಾತಲ್ಲ ಎಂಬುದಕ್ಕೆ ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಆರಂಭವಾದ ಗುಯಿಫಿ ಜಾಲ ಸಾಕ್ಷಿ. ಬಳಕೆದಾರರೇ ಛಾವಣಿಯಿಂದ ಛಾವಣಿಗೆ ಆಂಟೆನಾ ಕಟ್ಟಿ ಬೆಳೆಸಿದ ಆ ಜಾಲ ಈಗ ಸಾವಿರಾರು ಸಂಪರ್ಕಬಿಂದುಗಳನ್ನು ದಾಟಿದೆ. ಅದು ಕೂಡ ನಿಸ್ತಂತುವಿನಲ್ಲಿ ಆರಂಭವಾಗಿ ಕ್ರಮೇಣ ತನ್ನದೇ ಫೈಬರ್ ಎಳೆದುಕೊಂಡಿತು.

ಹಣ ಎಲ್ಲಿಂದ ಬರುತ್ತದೆ, ಐದನೆಯ ವರ್ಷಕ್ಕೆ ಎಲ್ಲಿಂದ ಬರುತ್ತದೆ

ಉಚಿತ ಸೇವೆಯ ಖರ್ಚನ್ನು ಯಾರೋ ಒಬ್ಬರು ಹೊರಲೇಬೇಕು, ಮತ್ತು ಹೊರುವವರು ಬದಲಾದಂತೆ ಜಾಲದ ಸ್ವರೂಪವೂ ಬದಲಾಗುತ್ತದೆ. ನ್ಯೂಯಾರ್ಕ್ ನಗರ 2016ರಲ್ಲಿ ಹಳೆಯ ಸಾರ್ವಜನಿಕ ದೂರವಾಣಿಗಳ ಜಾಗದಲ್ಲಿ ಲಿಂಕ್‌ಎನ್‌ವೈಸಿ ಎಂಬ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲಿನ ಜಾಹೀರಾತು ಪರದೆಯ ಆದಾಯದಿಂದ ಉಚಿತ ವೈ-ಫೈ ನಡೆಸಲು ಹೊರಟಿತು. ಜಾಹೀರಾತಿಗೆ ಬೆಲೆ ಬರುವ ಮ್ಯಾನ್‌ಹಟನ್‌ನಲ್ಲಿ ಕಂಬಗಳು ಒತ್ತಾಗಿ ಎದ್ದವು, ಸಂಪರ್ಕದ ಕೊರತೆ ಹೆಚ್ಚಿದ್ದ ಬಡಾವಣೆಗಳಿಗೆ ವಿರಳವಾಗಿ ಹೋದವು. ಆದಾಯವೂ ಅಂದಾಜಿಗಿಂತ ಕಡಿಮೆಯಾಗಿ ನಗರಕ್ಕೆ ಸಲ್ಲಬೇಕಾದ ಬಾಕಿ ಬೆಳೆಯಿತು. ಜಾಹೀರಾತಿನ ಮಾದರಿಯನ್ನು ಕರಡು ಸೂಚಿಸಿದ್ದರೆ, ಆದಾಯ ಬಾರದ ಬಡಾವಣೆಗಳಲ್ಲಿ ಎಷ್ಟು ಕಂಬಗಳು, ಯಾವ ದಿನಾಂಕದೊಳಗೆ ಎಂಬುದನ್ನು ಸಂಖ್ಯೆಯಲ್ಲಿ ಬರೆಸಬೇಕು.

ಅನುದಾನದ ಮಾದರಿಗೆ ಯುರೋಪಿಯನ್ ಒಕ್ಕೂಟದ ವೈಫೈ4ಇಯು ಯೋಜನೆ ಉದಾಹರಣೆ. ಅದರಲ್ಲಿ ಸ್ಥಳೀಯ ಆಡಳಿತಕ್ಕೆ ಉಪಕರಣ ಹಾಕಿಕೊಳ್ಳಲು 15,000 ಯುರೋ ವೋಚರ್ ಸಿಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಆಡಳಿತವು ಸಂಪರ್ಕದ ಮಾಸಿಕ ವೆಚ್ಚವನ್ನು ತಾನೇ ಭರಿಸಿ, ಜಾಹೀರಾತಿಲ್ಲದೆ, ಕನಿಷ್ಠ 3 ವರ್ಷ ಜಾಲ ನಡೆಸಬೇಕಿತ್ತು. ಷರತ್ತು ಸ್ಪಷ್ಟವಾಗಿದೆ, ಆದರೆ ನಾಲ್ಕನೆಯ ವರ್ಷದ ಪ್ರಶ್ನೆ ಅಲ್ಲಿಯೂ ಉಳಿದೇ ಇದೆ.

ಬೇಡಿಕೆಯೇ ಬದಲಾಗಿಬಿಡುವ ಸಾಧ್ಯತೆಯನ್ನೂ ಮರೆಯಬಾರದು. ಭಾರತದ ರೈಲು ನಿಲ್ದಾಣಗಳಲ್ಲಿ ಗೂಗಲ್ ಮತ್ತು ರೈಲ್ವೆಯ ಸಾರ್ವಜನಿಕ ದೂರಸಂಪರ್ಕ ಸಂಸ್ಥೆಯಾದ ರೈಲ್‌ಟೆಲ್ ಸೇರಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿದ ಉಚಿತ ವೈ-ಫೈ 2018ರ ಹೊತ್ತಿಗೆ 400 ನಿಲ್ದಾಣ ತಲುಪಿತು. 2020ರಲ್ಲಿ ಮೊಬೈಲ್ ಡೇಟಾ ಅಗ್ಗವಾದುದನ್ನು ಮುಖ್ಯ ಕಾರಣವಾಗಿ ಹೇಳಿ ಗೂಗಲ್ ಹೊರಬಂತು, ಸೇವೆಯನ್ನು ರೈಲ್‌ಟೆಲ್ ಮುಂದುವರಿಸಿತು. ಮೂಲಸೌಕರ್ಯ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿದ್ದುದರಿಂದ ಪಾಲುದಾರ ಹೋದರೂ ಜಾಲ ನಿಲ್ಲಲಿಲ್ಲ. ನಿಮ್ಮ ಮುಂದಿರುವ ಕರಡಿನಲ್ಲಿ ಹಾಗೆ ಆಗುತ್ತದೆಯೇ ಎಂಬುದನ್ನು ಒಡೆತನದ ಅಧ್ಯಾಯ ಹೇಳಬೇಕು.

ಕರಾರಿನ ಬಲವನ್ನು ತೋರಿಸುವ ಪ್ರಕರಣ ಹ್ಯೂಸ್ಟನ್ ನಗರದ್ದು. ಫಿಲಡೆಲ್ಫಿಯಾದಲ್ಲಿ ಜಾಲ ಕಟ್ಟಹೋದ ಅದೇ ಅರ್ತ್‌ಲಿಂಕ್ ಕಂಪನಿ ಇಲ್ಲಿ ಗಡುವು ತಪ್ಪಿಸಿತು, ಆದರೆ ಕರಾರಿನಲ್ಲಿ ದಂಡದ ಷರತ್ತು ಇದ್ದುದರಿಂದ 2007ರಲ್ಲಿ 50 ಲಕ್ಷ ಡಾಲರ್ ಕಟ್ಟಬೇಕಾಯಿತು, ಮತ್ತು ನಗರವು ಆ ಹಣದ ಒಂದು ಭಾಗವನ್ನು ಕಡಿಮೆ ಆದಾಯದ ಬಡಾವಣೆಗಳಲ್ಲಿ ಉಚಿತ ವೈ-ಫೈ ತಾಣಗಳಿಗೆ ಬಳಸಿತು. ಸಭೆಯಲ್ಲಿ ಒಂದೇ ಒಂದು ಬೇಡಿಕೆ ಮಂಡಿಸಲು ಅವಕಾಶ ಸಿಕ್ಕರೆ ನಾನು ಆರಿಸುವುದು ಇದನ್ನೇ: ಗಡುವು, ಅಳೆಯಬಹುದಾದ ಗುಣಮಟ್ಟ, ತಪ್ಪಿದರೆ ಇಷ್ಟು ದಂಡ.

ನಡೆದಾಡುವವರ ಮಾಹಿತಿ

ಫೋನಿನ ವೈ-ಫೈ ತೆರೆದಿದ್ದರೆ ಅದು ಸುತ್ತಮುತ್ತಲಿನ ಜಾಲಗಳನ್ನು ಹುಡುಕುತ್ತ ತನ್ನದೊಂದು ಗುರುತಿನ ಸಂಖ್ಯೆಯನ್ನು ಆಗಾಗ ಪ್ರಸಾರ ಮಾಡುತ್ತಿರುತ್ತದೆ. ಆ ಜಾಲಕ್ಕೆ ಸೇರದಿದ್ದರೂ ಇದು ನಡೆಯುತ್ತದೆ. 2013ರಲ್ಲಿ ಲಂಡನ್ ನಗರದ ವ್ಯಾಪಾರ ಕೇಂದ್ರದಲ್ಲಿ ಜಾಹೀರಾತು ಪರದೆಯಿದ್ದ ಕಸದ ತೊಟ್ಟಿಗಳು ದಾರಿಹೋಕರ ಫೋನುಗಳ ಈ ಸಂಖ್ಯೆಯನ್ನು ಸಂಗ್ರಹಿಸುತ್ತಿದ್ದುದು ಬಯಲಾಗಿ, ಅಲ್ಲಿನ ಆಡಳಿತ ಅದನ್ನು ನಿಲ್ಲಿಸುವಂತೆ ಹೇಳಬೇಕಾಯಿತು. ನಂತರದ ವರ್ಷಗಳಲ್ಲಿ ಫೋನುಗಳು ಈ ಸಂಖ್ಯೆಯನ್ನು ಆಗಾಗ ಬದಲಿಸಿ ತೋರಿಸುವುದನ್ನು ಕಲಿತವು. ಆದರೆ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಒಳಹೋಗುವ ಜಾಲದಲ್ಲಿ ಈ ರಕ್ಷಣೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಬಳಕೆದಾರ ತನ್ನ ಗುರುತನ್ನು ತಾನೇ ಕೊಟ್ಟಿರುತ್ತಾನೆ.

ಇಲ್ಲಿ ಖಾಸಗಿತನ ಬೇಕು ಎಂಬ ಸಾಮಾನ್ಯ ಹೇಳಿಕೆಗಿಂತ ಪಟ್ಟಿ ಕೇಳುವುದು ಒಳಿತು. ಏನೇನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಕಾನೂನು ಒತ್ತಾಯಿಸುವುದು ಎಷ್ಟು ಮತ್ತು ಗುತ್ತಿಗೆದಾರ ತನಗಾಗಿ ಇಟ್ಟುಕೊಳ್ಳುವುದು ಎಷ್ಟು, ಯಾರಿಗೆ ಮಾರಬಹುದು ಅಥವಾ ಕೊಡಬಹುದು, ಗುತ್ತಿಗೆ ಮುಗಿದ ದಿನ ಅದೆಲ್ಲ ಅಳಿಯುತ್ತದೆಯೇ ಎಂಬುದನ್ನು ಕರಾರಿನ ಅನುಬಂಧವಾಗಿ ಪ್ರಕಟಿಸಬೇಕೆಂದು ಕೇಳಿ.

ಆರೋಗ್ಯದ ಪ್ರಶ್ನೆ ಎದ್ದಾಗ

ಅದು ಏಳುತ್ತದೆ, ಮತ್ತು ಕೇಳುವವರನ್ನು ನಕ್ಕು ಕೂರಿಸುವುದು ಸಭ್ಯತೆಯೂ ಅಲ್ಲ, ಉಪಯುಕ್ತವೂ ಅಲ್ಲ. ಗೊತ್ತಿರಬೇಕಾದ ಅಂಕಿಗಳು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರಲ್ಲಿ ರೇಡಿಯೊ ತರಂಗಗಳನ್ನು 2ಬಿ ಗುಂಪಿನಲ್ಲಿ, ಅಂದರೆ ಸೀಮಿತ ಸಾಕ್ಷ್ಯದ ಮೇಲೆ 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ' ಗುಂಪಿನಲ್ಲಿ ಇಟ್ಟಿದೆ. ಐಸಿಎನ್‌ಐಆರ್‌ಪಿ ಎಂಬ ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗದ 2020ರ ಮಾರ್ಗಸೂಚಿಯು 2ರಿಂದ 300 ಗಿಗಾಹರ್ಟ್ಸ್ ನಡುವೆ ಸಾರ್ವಜನಿಕರ ಇಡೀ ದೇಹಕ್ಕೆ 30 ನಿಮಿಷದ ಸರಾಸರಿಯಲ್ಲಿ ಚದರ ಮೀಟರಿಗೆ 10 ವಾಟ್ ಮಿತಿ ಹೇಳುತ್ತದೆ. ಯುರೋಪಿನಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗೆ ಇರುವ 0.1 ವಾಟ್ ಮಿತಿಯಲ್ಲಿ ಒಂದು ರೇಡಿಯೊ ಎಡೆಬಿಡದೆ ಪ್ರಸಾರ ಮಾಡಿದರೂ, 5 ಮೀಟರ್ ದೂರದಲ್ಲಿ ಬೀಳುವುದು ಆ ಮಿತಿಯ ಸುಮಾರು 30,000ದಲ್ಲಿ ಒಂದು ಪಾಲು. ಮೊಬೈಲ್ ಕಂಪನಿಗಳ ಸಣ್ಣ ಟವರುಗಳ ಶಕ್ತಿ ಇದಕ್ಕಿಂತ ಹೆಚ್ಚು, ಆದ್ದರಿಂದ ಅಳವಡಿಸಿದ ನಂತರ ಸ್ವತಂತ್ರ ಸಂಸ್ಥೆಯಿಂದ ಅಳತೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ಅದನ್ನು ಲಿಖಿತವಾಗಿ ದಾಖಲಿಸಿ ಮುಂದಿನ ವಿಷಯಕ್ಕೆ ಸಾಗುವಂತೆ ಸಭಾಧ್ಯಕ್ಷರನ್ನು ಕೋರಿ. ಇಲ್ಲವಾದರೆ ಸಂಜೆಯೆಲ್ಲ ಇದರಲ್ಲೇ ಕಳೆದು ಕರಾರಿನ ಷರತ್ತುಗಳು ಚರ್ಚೆಯಿಲ್ಲದೆ ಪಾಸಾಗುತ್ತವೆ.

ಹೊಸ ತರಂಗಪಟ್ಟಿಯ ಭರವಸೆ

ಭವಿಷ್ಯದ ಜಾಲ ಎಂಬ ಮಾತಿನೊಂದಿಗೆ ಈಗ 6 ಗಿಗಾಹರ್ಟ್ಸ್ ಪಟ್ಟಿಯ ಹೆಸರು ಕೇಳಿಬರುತ್ತದೆ. ಅಮೆರಿಕ 2020ರ ಏಪ್ರಿಲ್‌ನಲ್ಲಿ ಇಲ್ಲಿ 1200 ಮೆಗಾಹರ್ಟ್ಸ್ ಅನ್ನು ಪರವಾನಗಿ ಇಲ್ಲದ ಬಳಕೆಗೆ ಬಿಟ್ಟಿತು. ಯುರೋಪಿಯನ್ ಒಕ್ಕೂಟ 2021ರಲ್ಲಿ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ಬಿಟ್ಟಿತು. ಮೇಲಿನ ಭಾಗ ವೈ-ಫೈಗೋ ಮೊಬೈಲ್ ಕಂಪನಿಗಳಿಗೋ ಎಂಬ ಜಗ್ಗಾಟ 2023ರಲ್ಲಿ ದುಬೈಯಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನದವರೆಗೂ ಹೋಯಿತು. ಬೀದಿಕಂಬದ ಮಟ್ಟಿಗೆ ತಿಳಿಯಬೇಕಾದ ಸೂಕ್ಷ್ಮ ಬೇರೆಯೇ ಇದೆ. ಅಮೆರಿಕದಲ್ಲಿ ಹೊರಾಂಗಣದಲ್ಲಿ ಹೆಚ್ಚು ಶಕ್ತಿಯಿಂದ ಈ ಪಟ್ಟಿ ಬಳಸಲು, ಅಲ್ಲಿ ಮೊದಲೇ ಇರುವ ಸಂಪರ್ಕಗಳಿಗೆ ತೊಂದರೆಯಾಗದಂತೆ ಚಾನೆಲ್ ಗೊತ್ತುಪಡಿಸುವ ಸ್ವಯಂಚಾಲಿತ ವ್ಯವಸ್ಥೆಯ ಅನುಮತಿ ಬೇಕು. ಯುರೋಪಿನ 2021ರ ನಿಯಮ ಒಳಾಂಗಣದ ಕಡಿಮೆ ಶಕ್ತಿಯ ಉಪಕರಣಗಳಿಗೂ ಅತಿ ಕಡಿಮೆ ಶಕ್ತಿಯ ಕೈಸಾಧನಗಳಿಗೂ ಸೀಮಿತ. ಹೀಗಾಗಿ ಹೊಸ ಪಟ್ಟಿಯ ವೇಗವನ್ನು ತೋರಿಸಿ ಬೀದಿ ಜಾಲವನ್ನು ಮಾರುವವರಿಗೆ, ಆ ನಗರದಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ ಹೊರಾಂಗಣದ ಕಂಬದಲ್ಲಿ ಅದು ಇಂದು ಕಾನೂನುಬದ್ಧವೇ ಎಂದು ಕೇಳಬೇಕು.

ಮನವಿ ಬರೆಯುವುದು, ಮಾತಾಡುವುದು, ನಂತರ ಹಿಂಬಾಲಿಸುವುದು

ಲಿಖಿತ ಮನವಿಯಲ್ಲಿ ಕರಡಿನ ಪುಟ ಮತ್ತು ಷರತ್ತಿನ ಸಂಖ್ಯೆಯನ್ನು ನಮೂದಿಸಿ, ಈಗಿರುವ ವಾಕ್ಯವನ್ನು ಬರೆದು, ಅದರ ಕೆಳಗೆ ನೀವು ಸೂಚಿಸುವ ವಾಕ್ಯವನ್ನು ಪೂರ್ಣವಾಗಿ ಕೊಡಿ. ಉದಾಹರಣೆಗೆ, 'ನಗರದಾದ್ಯಂತ ಉತ್ತಮ ವ್ಯಾಪ್ತಿ ಒದಗಿಸಲಾಗುವುದು' ಎಂದಿದ್ದಲ್ಲಿ, 'ಅನುಬಂಧದಲ್ಲಿ ಹೆಸರಿಸಿದ ಪ್ರತಿ ಜಾಗದಲ್ಲಿ ಸಂಜೆ 6ರಿಂದ 9ರವರೆಗೆ ಸಾಮಾನ್ಯ ಫೋನಿನಲ್ಲಿ ನಿಗದಿತ ಕನಿಷ್ಠ ವೇಗ ಸಿಗತಕ್ಕದ್ದು. ತಿಂಗಳಿಗೊಮ್ಮೆ ಸ್ವತಂತ್ರವಾಗಿ ಅಳೆದು ಫಲಿತಾಂಶ ಪ್ರಕಟಿಸತಕ್ಕದ್ದು. ಸತತ ಎರಡು ತಿಂಗಳು ತಪ್ಪಿದಲ್ಲಿ ಆ ಜಾಗದ ಪಾವತಿಯನ್ನು ತಡೆಹಿಡಿಯತಕ್ಕದ್ದು' ಎಂದು ಸೂಚಿಸಬಹುದು. ಅಧಿಕಾರಿಗೆ ಸಿದ್ಧ ವಾಕ್ಯ ಸಿಕ್ಕರೆ ಅದನ್ನು ಒಪ್ಪುವುದು ಅಥವಾ ಕಾರಣ ಕೊಟ್ಟು ತಿರಸ್ಕರಿಸುವುದು ಎರಡೇ ದಾರಿ. ಬರಿಯ ಅಸಮಾಧಾನ ಸಿಕ್ಕರೆ ಗಮನಿಸಲಾಗಿದೆ ಎಂದು ಬರೆದು ಮುಗಿಸುವ ಮೂರನೆಯ ದಾರಿ ತೆರೆಯುತ್ತದೆ.

ಸಭೆಯಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ಹೆಚ್ಚೆಂದರೆ ಕೆಲವೇ ನಿಮಿಷ. ನೆರೆಹೊರೆಯವರೊಂದಿಗೆ ಮೊದಲೇ ಮಾತಾಡಿಕೊಂಡು, ಒಬ್ಬರು ವ್ಯಾಪ್ತಿಯ ಅಳತೆ, ಇನ್ನೊಬ್ಬರು ಒಡೆತನ, ಮತ್ತೊಬ್ಬರು ಮಾಹಿತಿ ಸಂಗ್ರಹ ಎಂದು ಹಂಚಿಕೊಂಡರೆ ಒಂದೇ ಮಾತು ಐದು ಸಲ ಬರುವುದು ತಪ್ಪುತ್ತದೆ. ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು: ಅಂತರಜಾಲ ಇಲ್ಲದವರಿಗೆ ಸಂಪರ್ಕ ಕೊಡುವ ಯೋಜನೆಯ ಬಗ್ಗೆ ಅಭಿಪ್ರಾಯವನ್ನು ಅಂತರಜಾಲದಲ್ಲಿ ಮಾತ್ರ ಸ್ವೀಕರಿಸುವುದುಂಟು. ಹಾಗಿದ್ದರೆ ಕಾಗದದ ಮನವಿಯನ್ನೂ ಪಡೆಯಬೇಕೆಂದು ಗಡುವಿಗೆ ಸಾಕಷ್ಟು ಮೊದಲೇ ಪತ್ರ ಬರೆಯಿರಿ, ಮತ್ತು ಬೀದಿ ವ್ಯಾಪಾರಿಗಳು, ಹಂಚಿಕೆಯ ಫೋನಿನಲ್ಲಿ ಓದುವ ವಿದ್ಯಾರ್ಥಿಗಳು, ಕಣ್ಣು ಮಂಜಾದ ಹಿರಿಯರು ಇವರ ಮಾತನ್ನು ಬರೆದುಕೊಂಡು, ಓದಿ ಹೇಳಿ ಒಪ್ಪಿಗೆ ಪಡೆದು, ನಿಮ್ಮ ಮನವಿಯೊಂದಿಗೆ ಲಗತ್ತಿಸಿ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳಿ, ನಿಮ್ಮ ಸೂಚನೆ ಅದರಲ್ಲಿ ಸರಿಯಾಗಿ ದಾಖಲಾಗಿದೆಯೇ ನೋಡಿ, ತಪ್ಪಿದ್ದರೆ ಲಿಖಿತವಾಗಿ ತಿದ್ದಿಸಿ. ಪರಿಷ್ಕೃತ ಕರಡು ಬಂದಾಗ ಹಳೆಯದರ ಪಕ್ಕದಲ್ಲಿಟ್ಟು ಷರತ್ತು ಷರತ್ತಾಗಿ ಹೋಲಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಟೆಂಡರ್ ದಾಖಲೆ ಪ್ರಕಟವಾಗುವ ದಿನವನ್ನು ಗುರುತಿಟ್ಟುಕೊಳ್ಳಿ. ಸಭೆಯಲ್ಲಿ ಎಲ್ಲರೂ ಒಪ್ಪಿದ ಷರತ್ತು ಟೆಂಡರಿನಲ್ಲಿ ಇಲ್ಲದಿದ್ದರೆ ಕರಾರಿಗೂ ಬರುವುದಿಲ್ಲ, ಮತ್ತು ಬಿಡ್ ಸಲ್ಲಿಕೆಗೆ ಮೊದಲು ತಿದ್ದುಪಡಿ ಹೊರಡಿಸಲು ಇರುವ ಆ ಕೆಲವು ವಾರಗಳಲ್ಲೇ ಅದನ್ನು ಸೇರಿಸುವಂತೆ ಕೇಳಬೇಕಾಗುತ್ತದೆ.